ಎಷ್ಟು ಮೀಟರ್ ವೈರಿಗೆ ದನಿ ಕೆಡುತ್ತದೆ?

ವಿಜಯಪುರ ಜಿಲ್ಲೆಯ ಭೀಮಾ ದಂಡೆಯ ದೇವಣಗಾಂವದಂಥ ಊರುಗಳಲ್ಲಿ ಮೈಕ್ ಸೆಟ್ಟಿನವರಿಗೆ ಬಿಡುವು ಕಡಿಮೆ. ಶ್ರಾವಣ ಹಿಡಿಯಿತೆಂದರೆ ಗುಡಿ-ಮಠಗಳಲ್ಲಿ ಪುರಾಣ ಶುರು. ಮೊಹರಮ್ಮಿಗೆ ರಿವಾಯತ ಪದ, ಜಾತ್ರೆಗೆ ನಾಟಕ, ಬೆಳಗಿನ ತನಕ ನಡೆಯುವ ಡೊಳ್ಳಿನ ಪದದ ಜಿದ್ದು, ನಡುನಡುವೆ ಮದುವೆ, ಮೆರವಣಿಗೆ. ಎಲ್ಲಕ್ಕೂ ಮೊದಲು ಹಾಕುವ ಲೆಕ್ಕ ವೈರಿನದು. ಸ್ಟೇಜಿನಿಂದ ಮಿಕ್ಸರ್ ಎಷ್ಟು ದೂರ, ಅಲ್ಲಿಂದ ಕಡೆಯ ಹಾರ್ನ್ ಎಷ್ಟು ದೂರ, ಎಷ್ಟು ಬಂಡಲ್ ಹೊತ್ತು ತರಬೇಕು ಎಂಬ ಲೆಕ್ಕ. ವೈರ್ ಉದ್ದವಾದಷ್ಟೂ ದನಿ ಸೊರಗುತ್ತದೆ, ಗುಂಯ್‌ಗುಡುತ್ತದೆ ಎಂಬುದು ಅವರು ಪುಸ್ತಕ ಓದಿ ಕಲಿತ ಪಾಠವಲ್ಲ, ಕೆಲಸದಲ್ಲೇ ಕಲಿತದ್ದು.

ಈಗ ಅದೇ ಜನರ ಟಂಟಂನಲ್ಲಿ ಡಿಜಿಟಲ್ ಮಿಕ್ಸರ್ ಬಂದು ಕೂತಿದೆ. ಮನೆಗಳಲ್ಲಿ ಟಿವಿಯ ಬೆನ್ನಿನಿಂದ ಸೌಂಡ್ ಬಾರಿಗೆ ಆಪ್ಟಿಕಲ್ ವೈರ್ ಹೋಗುತ್ತದೆ. ಡೊಳ್ಳಿನ ಪದ ಯೂಟ್ಯೂಬಿಗೆ ಏರಿಸುವ ಹುಡುಗರು ಮಿಕ್ಸರಿನ ಯುಎಸ್‌ಬಿಗೆ ಲ್ಯಾಪ್‌ಟಾಪ್ ಸಿಕ್ಕಿಸಿ ಕೂರುತ್ತಾರೆ. ಆದರೆ ಅಂಗಡಿಯಲ್ಲಿ ಸಿಗುವ ಸಲಹೆ ಹಳೆಯದೇ: "ಉದ್ದ ವಾಯರ್ ತಗೋಬ್ಯಾಡ್ರಿ, ಕ್ವಾಲಿಟಿ ಕಡಿಮಿ ಆಗ್ತದ." ನಗರಗಳ ದುಬಾರಿ ಆಡಿಯೊ ಮಳಿಗೆಗಳಲ್ಲಿ ಇನ್ನೊಂದು ಬಗೆಯ ನಂಬಿಕೆ ಮಾರಾಟಕ್ಕಿದೆ. ಡಿಜಿಟಲ್ ಕೇಬಲ್ ಸರಿಯಾಗಿ ಒಂದೂವರೆ ಮೀಟರ್ ಇರಬೇಕಂತೆ, ಬೆಳ್ಳಿ ಲೇಪ ಇರಬೇಕಂತೆ, ಆಗ ಹಾಡುಗಾರನ ಉಸಿರೂ ಕೇಳುತ್ತದಂತೆ. ಈ ಎರಡೂ ಮಾತುಗಳಲ್ಲಿ ಕಾಲುಪಾಲು ಸತ್ಯವಿದೆ. ಉಳಿದ ಮುಕ್ಕಾಲನ್ನು ಬಿಡಿಸಿ ನೋಡುವುದು ಈ ಲೇಖನದ ಕೆಲಸ.

ಹಳೆಯ ಲೆಕ್ಕದಿಂದಲೇ ಹೊರಡೋಣ, ಏಕೆಂದರೆ ಅಲ್ಲಿ ಉದ್ದ ನಿಜವಾಗಿಯೂ ದನಿ ತಿನ್ನುತ್ತದೆ. 1.5 ಚದರ ಮಿಲಿಮೀಟರಿನ ತಾಮ್ರದ ವೈರನ್ನು ಮಿಷಿನ್ನಿನಿಂದ, ಅಂದರೆ ಆಂಪ್ಲಿಫೈಯರಿನಿಂದ, 100 ಮೀಟರ್ ಎಳೆದರೆ ಹೋಗಿಬರುವ ಎರಡೆಳೆ ಸೇರಿ 200 ಮೀಟರ್. ಅದರ ರೋಧ ಸುಮಾರು 2.3 ಓಮ್. ತುದಿಯಲ್ಲಿ 8 ಓಮಿನ ಸ್ಪೀಕರ್ ಇದ್ದರೆ, ಮಿಷಿನ್ ಪಕ್ಕದಲ್ಲೇ ಇಟ್ಟಾಗ ಅದಕ್ಕೆ ಸಿಗುತ್ತಿದ್ದ ಶಕ್ತಿಯಲ್ಲಿ ಶೇ 60 ಮಾತ್ರ ಮುಟ್ಟುತ್ತದೆ. 4 ಓಮಿನದಾದರೆ ಶೇ 40. ಇದಕ್ಕೇ ಮಿಷಿನ್ನಿನ ಬೆನ್ನಲ್ಲಿ 4 ಓಮ್, 8 ಓಮ್ ತಿರುಪುಗಳ ಜೊತೆ 100 ವೋಲ್ಟ್ ಎಂದು ಬರೆದ ಇನ್ನೊಂದು ತಿರುಪು ಇರುತ್ತದೆ. ಹಾರ್ನಿಗೆ ಟ್ರಾನ್ಸ್‌ಫಾರ್ಮರ್ ಹಾಕಿ ಅಲ್ಲಿಂದ ಎಳೆದರೆ, 100 ವಾಟ್ ಹೊರೆಗೆ ಅದೇ ವೈರ್ ತಿನ್ನುವುದು ಶೇ 5ಕ್ಕಿಂತ ಕಡಿಮೆ. ಊರ ತುಂಬ ಕಂಬಕಂಬಕ್ಕೆ ಹಾರ್ನ್ ಕಟ್ಟಿಯೂ ಕಡೆಯದು ಮಾತಾಡುವುದು ಈ ಉಪಾಯದಿಂದ.

ಮೈಕಿನ ಕಡೆಯ ಸಮಸ್ಯೆ ಬೇರೆ. ಅಲ್ಲಿ ಕಾಡುವುದು ವೈರಿನ ರೋಧವಲ್ಲ, ಕೆಪಾಸಿಟೆನ್ಸ್. ಮೀಟರಿಗೆ 100 ಪಿಕೋಫ್ಯಾರಡ್ ಎಂದು ಹಿಡಿದರೆ 100 ಮೀಟರಿಗೆ 10 ನ್ಯಾನೋಫ್ಯಾರಡ್. 200 ಓಮಿನ ಸಾಮಾನ್ಯ ಡೈನಮಿಕ್ ಮೈಕಿಗೆ ಇದರಿಂದ ಕೇಳಿಸುವಂಥ ಹಾನಿಯಿಲ್ಲ. ಕಡಿತ ಶುರುವಾಗುವುದು 80 ಕಿಲೋಹರ್ಟ್ಸ್ ಹತ್ತಿರ, ನಮ್ಮ ಕಿವಿಯ ಎಲ್ಲೆಗಿಂತ ನಾಲ್ಕು ಪಟ್ಟು ಮೇಲೆ. ಆದರೆ ಹಳೆಯ ಕಾಲದ 50 ಸಾವಿರ ಓಮಿನ ಅಗ್ಗದ ಮೈಕಿಗೆ ಬರೀ 10 ಮೀಟರ್ ವೈರ್ ಸಾಕು, 3 ಕಿಲೋಹರ್ಟ್ಸ್ ದಾಟಿದ ದನಿಯೆಲ್ಲ ಮಂಕಾಗುತ್ತದೆ. ಸ, ಶ, ಚ ಅಕ್ಷರಗಳ ಸ್ಪಷ್ಟತೆ ಇರುವುದೇ ಆ ಮೇಲಿನ ಭಾಗದಲ್ಲಿ. ಪುರಾಣಿಕರ ಮಾತು ಕಂಬಳಿಯೊಳಗಿಂದ ಬಂದಂತೆ ಕೇಳುತ್ತಿದ್ದ ಕಾಲವೊಂದಿತ್ತಲ್ಲ, ಕಾರಣ ಬಹುಮಟ್ಟಿಗೆ ಇದು. ಇದರ ಮೇಲೆ ಪೆಂಡಾಲಿನ ಲೈಟಿನ ವೈರುಗಳ 50 ಹರ್ಟ್ಸ್ ಗುಂಯ್‌ಗುಡುವಿಕೆ ಬೇರೆ.

ಈ ಕಷ್ಟ ಮೈಕ್ ಸೆಟ್ಟಿನವರಿಗಿಂತ ಮೊದಲು ಟೆಲಿಫೋನಿನವರನ್ನು, ರೇಡಿಯೊದವರನ್ನು ಕಾಡಿತ್ತು. 1950ರ ಜನವರಿ 8ರಂದು ಧಾರವಾಡದಲ್ಲಿ ಆಕಾಶವಾಣಿ ನಿಲಯ ಆರಂಭವಾದ ಕಾಲದಲ್ಲಿ, ಸ್ಟುಡಿಯೊ ಹೊರಗಿನ ಕಾರ್ಯಕ್ರಮವನ್ನು ನೇರವಾಗಿ ಬಿತ್ತರಿಸಲು ರೇಡಿಯೊದವರಿಗೆ ಇದ್ದ ದಾರಿ ಅಂಚೆ-ತಂತಿ ಇಲಾಖೆಯ ಜೋಡಿ ತಂತಿಗಳು. ಮೈಲುಗಟ್ಟಲೆ ಹೋದ ತಂತಿ ಮೇಲಿನ ಸ್ವರಗಳನ್ನು ನುಂಗಿಬಿಡುತ್ತದೆ. ಅದನ್ನು ಈಕ್ವಲೈಜರಿನಿಂದ ಎತ್ತಬೇಕು, ನಡುವೆ ಆಂಪ್ಲಿಫೈಯರ್ ಇಟ್ಟು ಬಲ ಕೊಡಬೇಕು. ಆಂಪ್ಲಿಫೈಯರಿಗೆ ಮಾತು ಯಾವುದು, ಸದ್ದು ಯಾವುದು ಎಂಬುದು ಗೊತ್ತಿಲ್ಲ. ಎರಡನ್ನೂ ದೊಡ್ಡದು ಮಾಡುತ್ತದೆ. ಹತ್ತು ಕಡೆ ಆಂಪ್ಲಿಫೈಯರ್ ಇಟ್ಟರೆ ಹತ್ತು ಕಡೆಯ ಸದ್ದೂ ಕೂಡಿಬರುತ್ತದೆ.

ಈ ಸದ್ದಿನ ಕಾಟದಿಂದ ಬೇಸತ್ತ ಬ್ರಿಟಿಷ್ ಎಂಜಿನಿಯರ್ ಅಲೆಕ್ ರೀವ್ಸ್ 1937ರಲ್ಲಿ ಪ್ಯಾರಿಸ್ಸಿನಲ್ಲಿದ್ದಾಗ ಒಂದು ದಾರಿ ಹುಡುಕಿದ. ದನಿಯ ಅಲೆಯನ್ನು ಕ್ಷಣಕ್ಷಣಕ್ಕೆ ಅಳೆದು, ಆ ಅಳತೆಯನ್ನು ಇದೆ-ಇಲ್ಲ ಎಂಬ ಎರಡೇ ಸಂಕೇತಗಳ ಅಂಕಿಯಾಗಿ ಕಳಿಸಿದರೆ, ದಾರಿಯಲ್ಲಿ ಸದ್ದು ಎಷ್ಟೇ ಬೆರೆತರೂ ಇದೆಯೋ ಇಲ್ಲವೋ ಎಂಬುದಷ್ಟು ಗುರುತಿಗೆ ಸಿಕ್ಕರೆ ಸಾಕು. ನಡುದಾರಿಯ ಯಂತ್ರ ಹಳೆಯ ಸವೆದ ಸಂಕೇತವನ್ನು ದೊಡ್ಡದು ಮಾಡಬೇಕಿಲ್ಲ. ಓದಿಕೊಂಡು ಹೊಸದನ್ನೇ ಬರೆದು ಮುಂದೆ ಕಳಿಸಬಹುದು. 1962ರಲ್ಲಿ ಅಮೆರಿಕದ ಬೆಲ್ ಕಂಪನಿ ಇದೇ ತತ್ವದ ಟಿ1 ಲೈನ್ ಹಾಕಿತು. ಸೆಕೆಂಡಿಗೆ 15 ಲಕ್ಷಕ್ಕೂ ಹೆಚ್ಚು ಬಿಟ್‌ಗಳು ಮಾಮೂಲಿ ಟೆಲಿಫೋನ್ ತಂತಿಯಲ್ಲಿ, ಸುಮಾರು 1.8 ಕಿಲೋಮೀಟರಿಗೊಂದು ಮರುಬರೆಯುವ ಯಂತ್ರದೊಂದಿಗೆ. 1972ರಲ್ಲಿ ಬಿಬಿಸಿ ತನ್ನ ರೇಡಿಯೊ ಕಾರ್ಯಕ್ರಮಗಳನ್ನು ಲಂಡನ್ನಿನಿಂದ ದೂರದ ಟ್ರಾನ್ಸ್‌ಮಿಟರುಗಳಿಗೆ ಮುಟ್ಟಿಸಲು 13 ಚಾನೆಲ್ಲಿನ ಡಿಜಿಟಲ್ ವ್ಯವಸ್ಥೆಗೆ ಬದಲಾಯಿತು. ಸಿಡಿ ಬರುವುದು ಇದಕ್ಕಿಂತ ಹತ್ತು ವರ್ಷ ತಡವಾಗಿ. ಡಿಜಿಟಲ್ ದನಿ ಹುಟ್ಟಿದ್ದೇ ತಂತಿಯ ಉದ್ದವನ್ನು ಗೆಲ್ಲಲು. ಇವತ್ತು ಎರಡು ಮೀಟರ್ ಡಿಜಿಟಲ್ ವೈರ್ ಕೊಳ್ಳುವಾಗ ಉದ್ದವಾಯಿತೇನೋ ಎಂದು ಚಿಂತಿಸುವವರಿಗೆ ಈ ಇತಿಹಾಸವನ್ನು ಯಾರೂ ಹೇಳಿಲ್ಲ ಅನಿಸುತ್ತದೆ.

ಹಾಗಾದರೆ ಮನೆಯ ಡಿಜಿಟಲ್ ವೈರಿನಲ್ಲಿ ಹರಿಯುವುದೇನು? ಸೋನಿ ಮತ್ತು ಫಿಲಿಪ್ಸ್ ಸೇರಿ ರೂಪಿಸಿದ ಎಸ್/ಪಿಡಿಫ್ ಎಂಬ ಪದ್ಧತಿ ಟಿವಿ, ಡಿವಿಡಿ ಪ್ಲೇಯರುಗಳ ಬೆನ್ನಲ್ಲಿರುವ ಕೋಆಕ್ಸಿಯಲ್ ಮತ್ತು ಆಪ್ಟಿಕಲ್ ತೂತುಗಳದ್ದು. ಸಿಡಿಯ ದನಿಯನ್ನು ಸೆಕೆಂಡಿಗೆ 44,100 ಸಲ ಅಳೆದಿರುತ್ತಾರೆ. ಎಡ-ಬಲ ಎರಡೂ ಅಳತೆಗಳನ್ನು ಗುರುತಿನ ಬಿಟ್‌ಗಳ ಜೊತೆ ಕಟ್ಟಿ 64 ಬಿಟ್‌ಗಳ ಗಂಟು ಮಾಡುತ್ತಾರೆ. ಸೆಕೆಂಡಿಗೆ 28,22,400 ಬಿಟ್ ಆಯಿತು. ಕೋಆಕ್ಸಿಯಲ್ ವೈರಿಗೆ ಇದನ್ನು ಅರ್ಧ ವೋಲ್ಟಿನ ಏರಿಳಿತವಾಗಿ ಬಿಡುತ್ತಾರೆ. ಆಚೆ ತುದಿಯ ಯಂತ್ರ 0.2 ವೋಲ್ಟ್ ಉಳಿದಿದ್ದರೂ ಓದಬೇಕು ಎಂಬುದು ನಿಯಮ. ಅಂದರೆ ಸುಮಾರು 8 ಡೆಸಿಬೆಲ್ ಕಳೆದುಹೋದರೂ ಚಿಂತೆಯಿಲ್ಲ. ಡಿಶ್ ಆಂಟೆನಾಗೆ ಹಾಕುವ 75 ಓಮಿನ ಆರ್‌ಜಿ-6 ಕೇಬಲ್ ಈ ವೇಗದ ಸಂಕೇತವನ್ನು 100 ಮೀಟರಿಗೆ ಸುಮಾರು 2 ಡೆಸಿಬೆಲ್ ತಿನ್ನುತ್ತದೆ. ಬಲವೊಂದನ್ನೇ ನೋಡಿದರೆ 100 ಮೀಟರ್ ದಾಟಬಹುದು. ಉದ್ದವಾದಂತೆ ಅಲೆಯ ಚೂಪು ಅಂಚುಗಳು ದುಂಡಾಗುತ್ತವೆ, ಹೊರಗಿನ ಸದ್ದು ಸೇರುತ್ತದೆ. ಹಾಗಾಗಿ ಮನೆ ಬಳಕೆಗೆ 10-15 ಮೀಟರ್ ಎಂದಿಟ್ಟುಕೊಂಡರೆ ನೆಮ್ಮದಿ. ನನ್ನ ಮಟ್ಟಿಗೆ, ಮನೆಯೊಳಗೆ ಎಸ್/ಪಿಡಿಫ್‌ಗೆ ಡಿಶ್ ಕೇಬಲ್ಲಿನ ತುಂಡಿಗಿಂತ ದುಬಾರಿಯದನ್ನು ಕೊಳ್ಳಲು ಕಾರಣವೇ ಇಲ್ಲ.

ಇಲ್ಲೊಂದು ಸಂಗತಿ ಮುಖ್ಯ. ಈ 10 ಮೀಟರಿನೊಳಗೆ 1 ಮೀಟರಿಗೂ 9 ಮೀಟರಿಗೂ ದನಿಯಲ್ಲಿ ವ್ಯತ್ಯಾಸವಿಲ್ಲ, ಏಕೆಂದರೆ ಆಚೆ ತಲುಪುವ ಅಂಕಿಗಳು ಒಂದೇ. ಮಿತಿ ದಾಟಿದ ಮೇಲೆ ಆಗುವುದೇ ಬೇರೆ. ದನಿ ಮಂಕಾಗುವುದಿಲ್ಲ, ಬಾಸ್ ಕಡಿಮೆಯಾಗುವುದಿಲ್ಲ. ಟಿಕ್ ಟಿಕ್ ಎಂಬ ಸಿಡಿತ ಶುರುವಾಗುತ್ತದೆ, ಹಾಡು ತುಂಡುತುಂಡಾಗುತ್ತದೆ, ಆಮೇಲೆ ಪೂರ್ತಿ ಮೌನ. ಎಸ್/ಪಿಡಿಫ್‌ನಲ್ಲಿ ತಪ್ಪು ಹಿಡಿಯಲು ಒಂದು ಪ್ಯಾರಿಟಿ ಬಿಟ್ ಇದೆಯೇ ಹೊರತು, ತಪ್ಪಿದ್ದನ್ನು ಮತ್ತೆ ಕೇಳಿ ತರಿಸಿಕೊಳ್ಳುವ ವ್ಯವಸ್ಥೆ ಇಲ್ಲ. ಯಾರಾದರೂ "ಉದ್ದ ಡಿಜಿಟಲ್ ವೈರ್ ಹಾಕಿದ ಮೇಲೆ ದನಿ ಸ್ವಲ್ಪ ಮೆತ್ತಗಾಯಿತು" ಎಂದರೆ, ಆ ಮೆತ್ತಗಾಗುವಿಕೆಗೆ ಕಾರಣವನ್ನು ವೈರಿನ ಉದ್ದದಲ್ಲಿ ಹುಡುಕಬಾರದು.

ಒಂದೂವರೆ ಮೀಟರಿನ ಮಂತ್ರ ಎಲ್ಲಿಂದ ಬಂತು ಎಂಬುದು ಸ್ವಾರಸ್ಯದ ವಿಷಯ, ಮತ್ತು ವಿಜಯಪುರದವರಿಗೆ ಅದನ್ನು ವಿವರಿಸುವುದು ಸುಲಭ. ಗೋಳಗುಮ್ಮಟದ ಒಳಗೆ ಚಪ್ಪಾಳೆ ತಟ್ಟಿದರೆ ಏನಾಗುತ್ತದೆ ಎಂದು ಇಂಡಿ, ಸಿಂದಗಿಯ ಶಾಲೆ ಮಕ್ಕಳಿಗೂ ಗೊತ್ತು. ಒಳಗಿನ ಅಗಲ ಸುಮಾರು 38 ಮೀಟರ್. ದನಿ ಎದುರು ಗೋಡೆಗೆ ಬಡಿದು ಮರಳಲು 0.22 ಸೆಕೆಂಡ್ ಬೇಕು, ಅಷ್ಟು ತಡವಾದ್ದರಿಂದ ಅದು ಬೇರೆ ದನಿಯಾಗಿ ಕೇಳುತ್ತದೆ. ಪಿಸುಗುಟ್ಟುವ ಗ್ಯಾಲರಿಗಳ ಭೌತಶಾಸ್ತ್ರವನ್ನು 1920ರ ದಶಕದ ಆರಂಭದಲ್ಲಿ ಕೈಗೆತ್ತಿಕೊಂಡ ಸಿ.ವಿ. ರಾಮನ್ ಗೋಳಗುಮ್ಮಟವನ್ನೂ ಅಧ್ಯಯನಕ್ಕೆ ಸೇರಿಸಿಕೊಂಡಿದ್ದರು. ತಂತಿಯಲ್ಲೂ ಹೀಗೆಯೇ ಪ್ರತಿಧ್ವನಿ ಏಳುತ್ತದೆ. 75 ಓಮಿನ ಕೇಬಲ್ ಹೋಗಿ ಬೇರೆ ಓಮಿನ ಜಾಕಿಗೆ ಸೇರಿದ ಜಾಗದಲ್ಲಿ ಸಂಕೇತದ ಒಂದು ಪಾಲು ಹಿಂದಿರುಗುತ್ತದೆ. ಮನೆಯ ಉಪಕರಣಗಳಲ್ಲಿರುವ ಆರ್‌ಸಿಎ ಜಾಕ್ ಸಾಮಾನ್ಯವಾಗಿ 75 ಓಮ್ ಇರುವುದೇ ಇಲ್ಲ, ಆದ್ದರಿಂದ ಈ ಪ್ರತಿಧ್ವನಿ ಕಟ್ಟುಕತೆಯಲ್ಲ. ಕೇಬಲ್ಲಿನಲ್ಲಿ ಸಂಕೇತ ಮೀಟರಿಗೆ ಸುಮಾರು 5 ನ್ಯಾನೋಸೆಕೆಂಡ್ ತೆಗೆದುಕೊಳ್ಳುತ್ತದೆ. ಒಂದೂವರೆ ಮೀಟರಾದರೆ ಹೋಗಿಬರಲು 15 ನ್ಯಾನೋಸೆಕೆಂಡ್. ಸಂಕೇತದ ಏರು 25 ನ್ಯಾನೋಸೆಕೆಂಡಿನದಾಗಿದ್ದರೆ, ಯಂತ್ರ ಆ ಏರಿನ ನಡುಬಿಂದುವನ್ನು ಗುರುತಿಸಿದ ಮೇಲೆ ಪ್ರತಿಧ್ವನಿ ಬಂದು ಮುಟ್ಟುತ್ತದೆ, ಗುರುತಿಸುವಿಕೆಗೆ ಅಡ್ಡಿಯಾಗುವುದಿಲ್ಲ. ಅದಕ್ಕಿಂತ ಗಿಡ್ಡವಾದರೆ ನಡುಬಿಂದುವಿನ ಹತ್ತಿರವೇ ಬಂದು ಹೊಡೆಯುತ್ತದೆ ಎಂಬುದು ವಾದ. ಗಣಿತ ಸರಿ. ತಮಾಷೆಯೆಂದರೆ, ಈ ವಾದದ ಪ್ರಕಾರ ಉದ್ದ ಕೇಬಲ್ಲೇ ಒಳ್ಳೆಯದು!

ಪ್ರತಿಧ್ವನಿಯಿಂದಾಗಲಿ ದುಂಡಾದ ಅಂಚಿನಿಂದಾಗಲಿ ಅಂಕಿ ಬದಲಾಗುವುದಿಲ್ಲ. ಅಂಕಿ ಬಂದು ಮುಟ್ಟುವ ಗಳಿಗೆ ಅತ್ತಿತ್ತ ಅಲುಗುತ್ತದೆ. ಇದಕ್ಕೆ ಜಿಟರ್ ಎನ್ನುತ್ತಾರೆ. ಎಸ್/ಪಿಡಿಫ್‌ನಲ್ಲಿ ಗಡಿಯಾರವೂ ಅದೇ ವೈರಿನಲ್ಲಿ ಬರುವುದರಿಂದ, ಆ ಅಲುಗಾಟ ಅಂಕಿಯನ್ನು ಮತ್ತೆ ದನಿಯಾಗಿಸುವ ಡ್ಯಾಕ್ ಎಂಬ ಚಿಪ್ಪಿಗೂ ತಗಲಬಹುದು. ಕ್ರಿಸ್ ಡನ್ ಮತ್ತು ಮಾಲ್ಕಮ್ ಹಾಕ್ಸ್‌ಫರ್ಡ್ 1992ರಲ್ಲಿ ಆಡಿಯೊ ಎಂಜಿನಿಯರಿಂಗ್ ಸೊಸೈಟಿಯ ಸಮಾವೇಶದಲ್ಲಿ ಈ ಪದ್ಧತಿಯಲ್ಲೇ ದೋಷವಿದೆಯೇ ಎಂದು ಕೇಳುವ ಪ್ರಬಂಧ ಮಂಡಿಸಿದರು. ವೈರಿನ ಸಾಮರ್ಥ್ಯ ಸಾಲದಾದಾಗ, ಹೋಗುವ ಅಂಕಿಗಳಿಗೆ ತಕ್ಕಂತೆ ಗಳಿಗೆ ಅಲುಗುತ್ತದೆ ಎಂಬುದನ್ನು ಅವರು ತೋರಿಸಿದರು. 16 ಬಿಟ್‌ನ ನಿಖರತೆಯನ್ನು 20 ಕಿಲೋಹರ್ಟ್ಸ್ ತನಕ ಕಿಂಚಿತ್ತೂ ಬಿಡದೆ ಉಳಿಸಿಕೊಳ್ಳಬೇಕಾದರೆ ಅಲುಗಾಟ ಸುಮಾರು 121 ಪಿಕೋಸೆಕೆಂಡ್ ಮೀರಬಾರದು ಎಂಬ ಲೆಕ್ಕವೂ ಇದೆ. ದುಬಾರಿ ಕೇಬಲ್ಲಿನವರ ಜಾಹೀರಾತುಗಳಿಗೆ ಈ ಸಂಖ್ಯೆ ಬಲು ಇಷ್ಟ.

ಆದರೆ ಕಿವಿಗೆ ಗೊತ್ತಾಗುವುದು ಎಷ್ಟು? 1998ರಲ್ಲಿ ಎರಿಕ್ ಬೆಂಜಮಿನ್ ಮತ್ತು ಬೆಂಜಮಿನ್ ಗ್ಯಾನನ್ ಕೇಳುಗರನ್ನು ಕೂರಿಸಿ ಪರೀಕ್ಷಿಸಿದಾಗ, ಶುದ್ಧ ಸ್ವರಗಳಲ್ಲಿ ಸುಮಾರು 10 ನ್ಯಾನೋಸೆಕೆಂಡ್, ನಿಜವಾದ ಸಂಗೀತದಲ್ಲಿ 20 ನ್ಯಾನೋಸೆಕೆಂಡ್ ದಾಟುವ ತನಕ ಯಾರಿಗೂ ಜಿಟರ್ ಕೇಳಿಸಲಿಲ್ಲ. ಸಂಗೀತದ ಈ ಮಿತಿ 121 ಪಿಕೋಸೆಕೆಂಡಿನ ನೂರಕ್ಕೂ ಹೆಚ್ಚು ಪಟ್ಟು. 2005ರಲ್ಲಿ ಜಪಾನಿನ ಅಶಿಹಾರ ಮತ್ತು ಸಂಗಡಿಗರು ಅಡ್ಡಾದಿಡ್ಡಿ ಜಿಟರ್ ಬೆರೆಸಿ ಕೇಳಿಸಿದಾಗ ಮಿತಿ ನೂರಾರು ನ್ಯಾನೋಸೆಕೆಂಡಿಗೆ ಹೋಯಿತು. ಮೇಲಾಗಿ ಈಗಿನ ಯಂತ್ರಗಳು ಬಂದ ಅಂಕಿಗಳನ್ನು ಒಂದಿಷ್ಟು ಕೂಡಿಟ್ಟುಕೊಂಡು ತಮ್ಮದೇ ಗಡಿಯಾರಕ್ಕೆ ಸರಿಯಾಗಿ ಬಿಡುತ್ತವೆ. ಒಳ್ಳೆಯ ಯುಎಸ್‌ಬಿ ಡ್ಯಾಕ್‌ಗಳಲ್ಲಿ ಕಂಪ್ಯೂಟರೇ ಡ್ಯಾಕಿನ ಗಡಿಯಾರಕ್ಕೆ ಕಾಯಬೇಕು. ಅಲ್ಲಿಗೆ ವೈರಿನ ಜಿಟರ್ ಪ್ರಶ್ನೆ ಬಹುಪಾಲು ಮುಗಿಯಿತು. 1992ರ ದೂರು ಆ ಕಾಲಕ್ಕೆ ನ್ಯಾಯವಾದದ್ದು. ಅದನ್ನೇ ಇಂದಿಗೂ ಹಿಡಿದು ಸಾವಿರಾರು ರೂಪಾಯಿಯ ಕೇಬಲ್ ಮಾರುವುದು ವ್ಯಾಪಾರ.

ಇನ್ನು ಯಾವ ವೈರಿಗೆ ಎಷ್ಟು ಮಿತಿ ಎಂಬುದು. ತೋಷಿಬಾ 1983ರಲ್ಲಿ ತಂದ ಟಾಸ್‌ಲಿಂಕ್, ಅಂದರೆ ಟಿವಿಯ ಆಪ್ಟಿಕಲ್ ವೈರ್, ಪ್ಲಾಸ್ಟಿಕ್ ಎಳೆಯಲ್ಲಿ ಕೆಂಪು ಬೆಳಕು ಹರಿಸುತ್ತದೆ. ದೂರಸಂಪರ್ಕದ ಗಾಜಿನ ಒಎಫ್‌ಸಿಗೂ ಇದಕ್ಕೂ ಹೋಲಿಕೆಯಿಲ್ಲ. ಪ್ಲಾಸ್ಟಿಕ್ ಬೆಳಕನ್ನು ಬೇಗ ಕುಡಿಯುತ್ತದೆ, ಅಗಲವಾದ ಎಳೆಯಲ್ಲಿ ಕಿರಣಗಳು ಬೇರೆಬೇರೆ ದಾರಿ ಹಿಡಿದು ಅಂಚು ಕೆಡಿಸುತ್ತವೆ. 5 ಮೀಟರ್ ನಿಶ್ಚಿಂತೆ, 10 ಮೀಟರ್ ಅದೃಷ್ಟ. ಆದರೆ ಇದರಲ್ಲಿ ಕರೆಂಟು ಹರಿಯದ ಕಾರಣ ಅರ್ತಿಂಗಿನ ಗುಂಯ್ ದಾಟುವುದಿಲ್ಲ; ನಮ್ಮ ಹಳ್ಳಿಗಳ ಅರ್ತಿಂಗ್ ನೋಡಿದವರಿಗೆ ಇದು ಸಣ್ಣ ಲಾಭವಲ್ಲ. ಎರೆಮಣ್ಣಿನ ಧೂಳು ತೂತಿನಲ್ಲಿ ಕೂತರೆ ಮಾತ್ರ ಎರಡು ಮೀಟರಿಗೇ ಕೈಕೊಡುತ್ತದೆ. ಬಳಸದಿದ್ದಾಗ ಆ ಪುಟ್ಟ ಮುಚ್ಚಳ ಹಾಕಿಡಬೇಕು.

ಯುಎಸ್‌ಬಿ 2.0ಕ್ಕೆ 5 ಮೀಟರ್ ಮಿತಿ, ಅದೂ ಬಲದಿಂದಲ್ಲ, ಸಮಯದಿಂದ: ಕಳಿಸಿದ ಮಾತಿಗೆ ಉತ್ತರ ಇಷ್ಟರೊಳಗೆ ಮರಳಬೇಕೆಂಬ ಕಟ್ಟು ಇದೆ. ಎಚ್‌ಡಿಎಂಐಗೆ ನಿಯಮದಲ್ಲಿ ಉದ್ದದ ಸಂಖ್ಯೆಯೇ ಇಲ್ಲ. 4ಕೆ ಚಿತ್ರಕ್ಕೆ ಮಾಮೂಲಿ ತಾಮ್ರದ ಕೇಬಲ್ 5 ಮೀಟರ್ ದಾಟಿದರೆ ತೊಂದರೆ ಶುರು, ಮೊದಲು ಕೆಡುವುದು ಚಿತ್ರ.

ಜಾತ್ರೆಯ ಮೈದಾನಕ್ಕೆ ಬಂದರೆ ಇವು ಯಾವುವೂ ಸಾಲುವುದಿಲ್ಲ. ವೃತ್ತಿಪರರಿಗೆಂದೇ 1985ರಲ್ಲಿ ಪ್ರಕಟವಾದ ಎಇಎಸ್3 ಪದ್ಧತಿ ಎಕ್ಸ್‌ಎಲ್‌ಆರ್ ಪಿನ್ನಿನ 110 ಓಮ್ ಕೇಬಲ್ಲಿನಲ್ಲಿ 2ರಿಂದ 7 ವೋಲ್ಟ್ ಹರಿಸಿ 100 ಮೀಟರ್ ದಾಟಿಸುತ್ತದೆ. ನೋಡಲು ಮೈಕ್ ಕೇಬಲ್ಲಿನಂತೆಯೇ ಇರುವುದರಿಂದ ಮೈಕ್ ಕೇಬಲ್ಲನ್ನೇ ಹಾಕುವುದುಂಟು. ಗಿಡ್ಡವಿದ್ದಾಗ ನಡೆಯುತ್ತದೆ, ಉದ್ದವಾದಾಗ ಕೈಕೊಡುತ್ತದೆ. ಈಗ ಹೆಚ್ಚು ಕಾಣುವುದು ನೆಟ್‌ವರ್ಕ್ ಕೇಬಲ್. 2012ರಲ್ಲಿ ಬಂದ ಬೆಹ್ರಿಂಗರ್ ಎಕ್ಸ್32 ಥರದ ಮಿಕ್ಸರುಗಳು ಸ್ಟೇಜಿನ ಪಕ್ಕದ ಡಬ್ಬಿಯಿಂದ ಮಿಕ್ಸರಿಗೆ ಒಂದೇ ಕ್ಯಾಟ್5ಇ ಕೇಬಲ್ಲಿನಲ್ಲಿ 48 ಚಾನೆಲ್ ಹೊತ್ತು ತರುತ್ತವೆ, 80ರಿಂದ 100 ಮೀಟರ್ ಒಳಗೆ. ಡ್ಯಾಂಟೆ ಎಂಬ ಪದ್ಧತಿಗೂ ಪ್ರತಿ ತುಂಡಿಗೆ ಈಥರ್‌ನೆಟ್ಟಿನ 100 ಮೀಟರೇ ಮಿತಿ. ಅದಕ್ಕಿಂತ ದೂರವಾದರೆ ನಡುವೆ ಸ್ವಿಚ್ ಅಥವಾ ಗಾಜಿನ ಫೈಬರ್. ತೋಳಿನಷ್ಟು ದಪ್ಪದ ಮಲ್ಟಿಕೋರ್ ಸುರುಳಿಯನ್ನು ಇಬ್ಬರು ಹೊತ್ತು ನಡೆಯುತ್ತಿದ್ದ ಕೆಲಸ ಈಗ ಒಬ್ಬನ ಹೆಗಲಿಗೆ ಬಂದಿದೆ.

ತೊಂದರೆ ಬರುವುದು ಕೇಬಲ್ ಕೊಳ್ಳುವಲ್ಲಿ. ಮಾರುಕಟ್ಟೆಯ ಅಗ್ಗದ ಕ್ಯಾಟ್5ಇ, ಕ್ಯಾಟ್6 ಬಂಡಲ್ಲುಗಳಲ್ಲಿ ಬಹಳಷ್ಟು ಅಲ್ಯೂಮಿನಿಯಮ್ಮಿಗೆ ತಾಮ್ರದ ಲೇಪ ಹಾಕಿದವು. ಅವುಗಳ ರೋಧ ತಾಮ್ರದ ಒಂದೂವರೆ ಪಟ್ಟಿಗೂ ಹೆಚ್ಚು. ಸುತ್ತಿ ಬಿಚ್ಚಿ ಮಾಡಿದರೆ ಒಳಗೇ ತುಂಡಾಗುತ್ತವೆ. ಪೆಟ್ಟಿಗೆಯ ಮೇಲೆ ಬರೆದ 100 ಮೀಟರ್ ಇವುಗಳಿಗೆ ಅನ್ವಯಿಸುವುದಿಲ್ಲ. ಶೀಲ್ಡ್ ಇಲ್ಲದ ಕೇಬಲ್ ಹಾಕಿದರೆ, ಬೇಸಿಗೆಯ ಒಣಹವೆಯಲ್ಲಿ ಮೈಗೆ ತಗಲುವ ಸ್ಟ್ಯಾಟಿಕ್ ಕಿಡಿಯೊಂದಕ್ಕೇ ಎಲ್ಲ 48 ಚಾನೆಲ್ ಕ್ಷಣಹೊತ್ತು ಬಂದ್ ಆಗಬಹುದು. ಅನಲಾಗ್ ಕಾಲದಲ್ಲಿ ಒಂದು ಪಿನ್ ಸಡಿಲಾದರೆ ಒಂದು ಮೈಕ್ ಹೋಗುತ್ತಿತ್ತು. ಈಗ ಒಂದು ಪಿನ್ನಿಗೆ ಇಡೀ ನಾಟಕ ಮೂಕ. ಡಿಜಿಟಲ್ಲಿನ ಬಗ್ಗೆ ಮೈಕ್ ಸೆಟ್ಟಿನ ಹಿರಿಯರಿಗಿರುವ ಅಂಜಿಕೆಯಲ್ಲಿ ಅರ್ಥವಿರುವುದು ಇಲ್ಲಿ.

ಉದ್ದ ವೈರಿನಿಂದ ದನಿ ತಡವಾಗುತ್ತದೆ ಎಂಬ ದೂರೂ ಇದೆ. 100 ಮೀಟರ್ ಕೇಬಲ್ ದಾಟಲು ಸಂಕೇತಕ್ಕೆ ಬೇಕಾಗುವುದು ಸುಮಾರು ಅರ್ಧ ಮೈಕ್ರೊಸೆಕೆಂಡ್. ಅಷ್ಟರಲ್ಲಿ ಗಾಳಿಯಲ್ಲಿ ದನಿ ಸಾಗುವುದು ಒಂದು ಮಿಲಿಮೀಟರಿನ ಐದನೆಯ ಒಂದು ಪಾಲಿಗಿಂತ ಕಡಿಮೆ. ಆದರೆ ಸ್ಟೇಜಿನ ಸ್ಪೀಕರಿನಿಂದ 100 ಮೀಟರ್ ಹಿಂದೆ ಕೂತವರಿಗೆ ಗಾಳಿಯಲ್ಲಿ ದನಿ ಮುಟ್ಟಲು 35 ಡಿಗ್ರಿ ಸೆಕೆಯಲ್ಲಿ 284 ಮಿಲಿಸೆಕೆಂಡ್, 20 ಡಿಗ್ರಿಯ ಚಳಿಗಾಲದ ರಾತ್ರಿ 291. ಹಿಂದೆ ಇಟ್ಟ ಎರಡನೆಯ ಸ್ಪೀಕರ್ ವೈರಿನಿಂದ ತಕ್ಷಣ ನುಡಿದುಬಿಡುತ್ತದೆ, ಮುಂದಿನದು ಕಾಲು ಸೆಕೆಂಡ್ ತಡವಾಗಿ ಬಂದು ಸೇರುತ್ತದೆ. ಜನ ಕೇಳುವ ಇಮ್ಮಡಿ ಮಾತು ಇದು. ಡಿಜಿಟಲ್ ಮಿಕ್ಸರ್ ಕೊಟ್ಟ ದೊಡ್ಡ ಉಪಕಾರವೆಂದರೆ ಹಿಂದಿನ ಸ್ಪೀಕರಿಗೆ ಬೇಕಾದಷ್ಟು ತಡ ಹಾಕುವ ಸೌಕರ್ಯ. ಬಹುತೇಕರು ಅದನ್ನು ಮುಟ್ಟುವುದೇ ಇಲ್ಲ; ಬದಲಿಗೆ ಮುಂದಿನ ಸ್ಪೀಕರಿನ ವಾಲ್ಯೂಮ್ ಏರಿಸುತ್ತಾರೆ. ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿಯವರ ಪ್ರವಚನಗಳಲ್ಲಿ ಸಾವಿರಾರು ಜನ ಸದ್ದಿಲ್ಲದೆ ಕೂತು ಮೆಲುದನಿಯನ್ನು ಕೇಳುತ್ತಿದ್ದರು. ದೊಡ್ಡ ಜನಸಂದಣಿಗೆ ದೊಡ್ಡ ಗದ್ದಲವೇ ಬೇಕೆಂದಿಲ್ಲ ಎಂಬುದು ಈ ಜಿಲ್ಲೆಗೆ ಹೊಸ ವಿಷಯವೇನಲ್ಲ. ತಡವಾಗುತ್ತಿರುವುದು ಬ್ಲೂಟೂತ್ ಸ್ಪೀಕರಿನಲ್ಲಾದರೆ ತಪ್ಪು ಗಾಳಿಯದೂ ಅಲ್ಲ, ವೈರಿನದೂ ಅಲ್ಲ. ಬ್ಲೂಟೂತ್ ತಾನೇ ಅನೇಕ ಬಾರಿ 100 ಮಿಲಿಸೆಕೆಂಡ್ ಮೀರಿ ತಿನ್ನುತ್ತದೆ.

ಹೀಗಿರುವಾಗ ದೇವಣಗಾಂವದ ಜಾತ್ರೆಗೋ ಸಿಂದಗಿಯ ನಾಟಕಕ್ಕೋ ಸೆಟ್ ಹಾಕುವವರು ದುಡ್ಡನ್ನು ಎಲ್ಲಿ ಹಾಕಬೇಕು? ಮೈಕಿನ ವೈರ್ ಸ್ಟೇಜಿನ ಡಬ್ಬಿಯ ತನಕ ಮಾತ್ರ, ಹತ್ತು ಮೀಟರಿನೊಳಗೆ. ಡಬ್ಬಿಯಿಂದ ಮಿಕ್ಸರಿಗೆ ಶೀಲ್ಡ್ ಇರುವ ಅಪ್ಪಟ ತಾಮ್ರದ ನೆಟ್‌ವರ್ಕ್ ಕೇಬಲ್, ಅದೇ ಅಳತೆಯ ಇನ್ನೊಂದು ಸುರುಳಿ ಟಂಟಂನಲ್ಲಿ ಸಿದ್ಧವಾಗಿ. ದೂರದ ಹಾರ್ನುಗಳಿಗೆ ಹಳೆಯ 100 ವೋಲ್ಟ್ ಲೈನೇ ಇರಲಿ, ಅದರ ಜಾಗ ತುಂಬುವ ಅಗ್ಗದ ಡಿಜಿಟಲ್ ಉಪಾಯ ಸದ್ಯಕ್ಕಿಲ್ಲ. ಟಿಕ್ ಟಿಕ್ ಶುರುವಾದರೆ ಮೊದಲು ಎರಡು ಮೀಟರಿನ ತುಂಡು ಹಾಕಿ ನೋಡುವುದು: ನಿಂತರೆ ತಪ್ಪು ಆ ಉದ್ದ ಕೇಬಲ್ಲಿನದು ಅಥವಾ ಅದರ ಪಿನ್ನಿನದು, ನಿಲ್ಲದಿದ್ದರೆ ಎರಡು ಯಂತ್ರಗಳ ಗಡಿಯಾರ ಹೊಂದಿಲ್ಲ, ಸೆಟ್ಟಿಂಗಿನಲ್ಲಿ ಒಂದನ್ನು ಮಾಸ್ಟರ್, ಇನ್ನೊಂದನ್ನು ಸ್ಲೇವ್ ಮಾಡಬೇಕು. ಗುಂಯ್ ಅಂದರೆ ಡಿಜಿಟಲ್ ಕೇಬಲ್ ಬಿಟ್ಟು ಅರ್ತಿಂಗ್ ನೋಡುವುದು, ಮಂಕಾದರೆ ಮೈಕ್ ನೋಡುವುದು.